ಗಂಧ ಮೆತ್ತಿದ ಬೋಲ್ಟು

ಇದನ್ನು ಮೂರು ಸಲ ಬರೆದು ಹರಿದುಹಾಕಿದೆ. ಪ್ರತಿ ಸಲವೂ ನಾನು ನಿಜಕ್ಕಿಂತ ಜಾಣೆಯಾಗಿ ಕಾಣುತ್ತಿದ್ದೆ. ಹಾಗಾಗಿ ತಪ್ಪಿನಿಂದಲೇ ಶುರು ಮಾಡುತ್ತೇನೆ: ಬಿಳಿ ವೈರನ್ನು ಆ ಬೋಲ್ಟಿಗೆ ಬಿಗಿದವಳು ನಾನೇ.

ನಮ್ಮೂರಿನಿಂದ ಇಡೀ ದಿನದ ದಾರಿಯ ಸಿಡ್ನಿಯಲ್ಲಿ ಒಬ್ಬ ಹಿರಿಯರು ತಮ್ಮ ಹಳೆಯ ಅಚ್ಚಿನ ಯಂತ್ರವನ್ನು ನನಗೆ ಕೊಡಲು ಒಪ್ಪಿದ್ದರು. ಅವರ ಮನೆ ಖಾಲಿಯಾಗುವುದರಲ್ಲಿತ್ತು. ಭಾನುವಾರದೊಳಗೆ ಒಯ್ಯದಿದ್ದರೆ ಯಂತ್ರ ಗುಜರಿಗೆ. ನಾನು ಬರೆದದ್ದನ್ನು ನಾನೇ ಅಚ್ಚು ಹಾಕಬೇಕೆಂಬ ಹಟ ನನಗೆ ಬಹಳ ಹಳೆಯದು. ಆದರೆ ಅಷ್ಟು ಭಾರದ ಕಬ್ಬಿಣ ಹೊರುವ ಟ್ರೇಲರ್‌ಗೆ ಅದರದೇ ಬ್ರೇಕ್ ಬೇಕು. ಆ ಬ್ರೇಕಿಗೆ ಕರೆಂಟ್ ಕಳಿಸಲು ಚಾಲಕರ ಸೀಟಿನ ಹತ್ತಿರ ಒಂದು ಪುಟ್ಟ ಕಂಟ್ರೋಲರ್ ಪೆಟ್ಟಿಗೆ ಬೇಕು. ಮಗ ಪ್ರೈಮರಿ ಶಾಲೆಯಲ್ಲಿದ್ದಾಗ ಕೊಂಡ ನಮ್ಮ ವ್ಯಾನಿನಲ್ಲಿ ಅದಿರಲಿಲ್ಲ.

ಊರಿನ ಇನ್ನೊಂದು ತುದಿಯ ಡ್ಯಾಂಡಿನಾಂಗ್‌ನ ವರ್ಕ್‌ಶಾಪಿನವನು ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಇಷ್ಟು ಹಳೆಯ ವೈರಿಂಗಿಗೆ ಕೈ ಹಾಕುವುದಿಲ್ಲ ಆಂಟಿ, ಮಾರಿಬಿಡಿ ಎಂದು ಹಿಂದಿಯಲ್ಲಿ ಹೇಳಿದ. ನನ್ನ ಗಂಡ, ರಿಟೈರ್ ಆದ ಎಲೆಕ್ಟ್ರಿಕಲ್ ಇಂಜಿನಿಯರ್, ಅವನ ಪಕ್ಷ ಸೇರಿದರು.

"ಅವನು ಹೇಳಿದ್ದು ಸರಿ ಕಣೇ. ಸಾಮಾನು ಸಾಗಿಸೋ ಮೂವರ್ಸ್ ಬುಕ್ ಮಾಡು."

"ಮುಂದಿನ ವಾರ ಬರ್ತಾರಂತೆ. ಅಷ್ಟೊತ್ತಿಗೆ ಅದು ಗುಜರೀಲಿರತ್ತೆ. ವೈರಿಂಗ್ ನಾನೇ ಮಾಡ್ತೀನಿ."

"ಶುಕ್ರವಾರದೊಳಗೆ ಟ್ರೇಲರ್ ಬ್ರೇಕ್ ಹಿಡಿದ್ರೆ ನಾನೂ ಸಿಡ್ನಿಗೆ ಬರ್ತೀನಿ. ಹಿಡೀಲಿಲ್ಲ ಅಂದ್ರೆ ವ್ಯಾನ್ ಮಾರಾಟಕ್ಕೆ."

"ಆಯ್ತು. ನೀವು ಕೈ ಹಾಕಕೂಡದು."

"ಮಾತಾಡಬಹುದಾ?"

"ಅದನ್ನ ನಿಲ್ಲಿಸೋ ಬ್ರೇಕ್ ಇನ್ನೂ ಯಾರೂ ಮಾಡಿಲ್ಲ, ರೀ."

ನಾಲ್ಕು ವೈರು. ಕಪ್ಪು ಬ್ಯಾಟರಿಗೆ, ಕೆಂಪು ಬ್ರೇಕ್ ಲೈಟಿನ ವೈರಿಗೆ, ನೀಲಿ ಹಿಂದೆ ಟ್ರೇಲರ್‌ಗೆ, ಬಿಳಿ ಅರ್ತ್‌ಗೆ, ಎಂದರೆ ವ್ಯಾನಿನ ಮೈಯ ಲೋಹಕ್ಕೆ. ಪಾಯಿಂಟ್ ಕುಕ್‌ನ ನಮ್ಮ ಡ್ರೈವ್‌ವೇಯಲ್ಲಿ ಎರಡು ದಿನ ವ್ಯಾನಿನೊಳಗೆ ಅಂಗಾತ ಮಲಗಿ ಕೆಲಸ ಮಾಡಿದೆ. ಮೂರು ದಿನವೂ ಇರಬಹುದು. ಬೆನ್ನಿನ ನೋವನ್ನು ಕೇಳಿದರೆ ಒಂದು ವಾರ ಎನ್ನುತ್ತದೆ.

ಶುಕ್ರವಾರ ಬಾಡಿಗೆ ಟ್ರೇಲರ್ ಕಟ್ಟಿಕೊಂಡು ಮನೆಯ ಮುಂದಿನ ರಸ್ತೆಯಲ್ಲಿ ನಿಧಾನ ಹೊರಟು, ಟ್ರೇಲರ್ ಬ್ರೇಕನ್ನಷ್ಟೇ ಹಾಕುವ ಪೆಟ್ಟಿಗೆಯ ಹಿಡಿ ಒತ್ತಿದೆ. ಪೆಟ್ಟಿಗೆಯ ದೀಪ ಮಂಕಾಯಿತು. ಟ್ರೇಲರ್ ನನ್ನ ಮಾತು ಕೇಳದೆ ಹಿಂದೆಯೇ ಉರುಳಿ ಬಂತು. ಗಂಡ ಫುಟ್‌ಪಾತ್ ಮೇಲೆ ಕೈಕಟ್ಟಿ ನಿಂತಿದ್ದರು.

ಅರ್ತ್ ನೋಡಬೇಕೆಂದು ನನಗೇ ಹೊಳೆಯಿತು ಎಂದು ನನ್ನ ನೆನಪು. ತಾವೇ ಕೂಗಿ ಹೇಳಿದ್ದು ಎಂದು ಅವರದು. ಬಾನೆಟ್ ಎತ್ತಿದವಳಂತೂ ನಾನು.

ಬ್ಯಾಟರಿ ಪಕ್ಕದಲ್ಲಿ ಕೈಗೆ ಸುಲಭವಾಗಿ ಸಿಕ್ಕಿದ ಬೋಲ್ಟೊಂದಕ್ಕೆ ಸರಿಯಾಗಿ ನೋಡದೆ ಬಿಳಿ ವೈರು ಬಿಗಿದಿದ್ದೆ. ಬಿಚ್ಚಿದರೆ ವೈರಿನ ಉಂಗುರದಡಿ ಕುಂಕುಮ. ಅದರಡಿ ಒಣಗಿ ಕಲ್ಲಾದ ಗಂಧ. ಮತ್ತೆ ಕುಂಕುಮ, ಮತ್ತೆ ಗಂಧ. ವರ್ಷ ವರ್ಷದ ಆಯುಧಪೂಜೆಯಲ್ಲಿ ಬಾನೆಟ್ ತೆರೆದು ನಾವು ಇಟ್ಟ ಬೊಟ್ಟುಗಳು. ಕರೆಂಟ್ ಲೋಹ ಮುಟ್ಟಿದ್ದರೆ ತಾನೆ?

"ಇಷ್ಟು ದಪ್ಪ ಮೆತ್ತಿದ್ದು ಯಾರು? ನೀವೇ ತಾನೆ, ಇಂಜಿನಿಯರ್ ಸಾಹೇಬ್ರು?"

"ನಾನು ತೆಂಗಿನಕಾಯಿ ಒಡೀತಿದ್ದೆ. ಬೊಟ್ಟಿನ ಡಿಪಾರ್ಟ್‌ಮೆಂಟ್ ನಿಂದು."

ಮಂಗಳಾರತಿಯ ತಟ್ಟೆ ಅವರ ಕೈಯಲ್ಲಿರುವುದು ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ನನಗೆ ಅನುಮಾನ. ಉಪ್ಪುಕಾಗದ ತಂದು ಉಜ್ಜತೊಡಗಿದೆ.

"ಸ್ವಲ್ಪ ಉಳಿಸೇ. ಪೂಜೆ ಮಾಡಿದ್ದು."

"ಒಂದು ಚೂರೂ ಬಿಡಲ್ಲ."

ಲೋಹ ಬೆಳ್ಳಗೆ ಹೊಳೆಯುವವರೆಗೂ ಉಜ್ಜಿ, ವೈರು ಬಿಗಿದು, ಮತ್ತೆ ಹೊರಟೆ. ಹಿಡಿ ಒತ್ತಿದೆ. ವ್ಯಾನನ್ನು ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗಿದಂತಾಯಿತು. ಗಂಡ ಬ್ಯಾಗ್ ತುಂಬಲು ಒಳಗೆ ಹೋದರು.

ಭಾನುವಾರ ಯಂತ್ರ ಟ್ರೇಲರ್ ಏರಿತು. ಸಿಡ್ನಿಯಿಂದ ಹೊರಟು ಹೈವೇಯ ಮೊದಲ ದೊಡ್ಡ ಇಳಿಜಾರು ಬಂದಾಗ ಪಕ್ಕದ ಸೀಟಿನಿಂದ ಒಂದು ಕೈ ಮೆಲ್ಲಗೆ ಪೆಟ್ಟಿಗೆಯ ಹಿಡಿಯ ಕಡೆ ಬಂತು.

"ಕೈ ತೆಗೀರಿ," ಎಂದು ಬ್ರೇಕ್ ಒತ್ತಿದೆ.