ವಾಸಿಯಾದ ಕಾಲು

ಎಪ್ಪತ್ತರ ದಶಕದ ಕೊನೆಯಲ್ಲಿ ಉಪ್ಪಾರಹಳ್ಳಿಯ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ನರ್ಸ್ ಬಾಡಿಗೆಗಿದ್ದರು. ಯಾರು ಏನು ನೋವು ಹೇಳಿಕೊಂಡರೂ ಸೆರಗಿನ ಪಿನ್ನು ಸರಿಮಾಡಿಕೊಳ್ಳುತ್ತ, "ವಾಸಿಯಾಗುತ್ತೆ ಬಿಡಿ" ಅನ್ನುತ್ತಿದ್ದರು. ಬಲಗಾಲಿಗೆ ಡ್ರೆಸಿಂಗ್ ಮಾಡಿಸಿಕೊಂಡಿದ್ದ ರೋಗಿಯೊಬ್ಬ ಡಿಸ್ಚಾರ್ಜ್ ಆದಮೇಲೂ ದಿನಾ ಸಂಜೆ ಆಸ್ಪತ್ರೆಯಿಂದ ಅವರ ಹಿಂದೆಯೇ ಬಂದು ಗೇಟಿನ ಬಳಿ ನಿಲ್ಲುತ್ತಿದ್ದ.

"ಇನ್ನೂ ನೋಯ್ತದೆ ಸಿಸ್ಟರ್. ನೀವೇ ಕಟ್ಬೇಕು."

ಒಂದು ಸಂಜೆ ಅವರು ಬೀದಿಯ ಹೆಂಗಸರನ್ನೆಲ್ಲ ಕರೆದು, ಅವನನ್ನು ಜಗಲಿಯಲ್ಲಿ ಕೂರಿಸಿ ಬ್ಯಾಂಡೇಜ್ ಕತ್ತರಿಸಿದರು. ಒಳಗೆ ಗಾಯವೇ ಇರಲಿಲ್ಲ.

"ವಾಸಿಯಾಗಿದೆ. ಇನ್ನು ಬರಬೇಡಿ," ಅಂದರು.

"ಎದ್ದೋಗ್ಲಾ, ಕಾಲು ನೆಟ್ಟಗದೆ," ಅಂದರು ಎದುರುಮನೆ ಅಜ್ಜಿ.

ಮರುದಿನ ಅವನು ಎಡಗಾಲಿಗೆ ಬ್ಯಾಂಡೇಜ್ ಕಟ್ಟಿಕೊಂಡು ಬಂದ.

ಕೊನೆಗೆ ಸಿಸ್ಟರ್ ಕುಣಿಗಲ್‌ಗೆ ವರ್ಗ ಮಾಡಿಸಿಕೊಂಡು ಹೋದರು. ಯಾವ ಊರಿಗೆ ಅಂತ ಅವನು ಕೇಳಿದಾಗ ನಾವೆಲ್ಲ "ಗುಬ್ಬಿ" ಅಂದೆವು. ಕುಂಟುತ್ತ ಬಸ್ ಸ್ಟ್ಯಾಂಡ್ ಕಡೆ ಹೊರಟ. ಬ್ಯಾಂಡೇಜ್ ಇದ್ದದ್ದು ಎಡಗಾಲಿಗೆ, ಕುಂಟುತ್ತಿದ್ದದ್ದು ಬಲಗಾಲು.