ಗೌಂಡಿಯನ್ನು ಕೂರಿಸಿ ಕಟ್ಟಿದ ಗೋಡೆ

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಇರಲಿ ಬಿಡಿ, ಸುಳ್ಳೇನಲ್ಲ. ಬೇರೆ ಕೋಪಗಳೆಲ್ಲ ಸಂಜೆಯ ಕಾಫಿಯ ಹೊತ್ತಿಗೆ ಇಳಿದುಹೋಗುತ್ತವೆ. ಆ ಗೋಡೆಯ ಕೋಪ ಮಾತ್ರ ವರ್ಷ ಕಳೆದರೂ ಇಳಿದಿಲ್ಲ. ಅದರಲ್ಲಿ ಅರ್ಧ ನನ್ನ ಮೇಲೆಯೇ ಇರುವುದರಿಂದ ಯಾರ ಹತ್ತಿರ ಜಗಳ ಮಾಡಿ ತೀರಿಸಿಕೊಳ್ಳಲಿ?

ನಾನು ಮೈಸೂರಿನವಳು. ಮದುವೆಯಾಗಿ ಹೈದರಾಬಾದಿಗೆ ಬಂದು, ನಾಂಪಲ್ಲಿಯ ಕಡೆ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಭಾನುವಾರ ಎರಡು ಬಸ್ಸು ಬದಲಿಸಿ ಶಂಶಾಬಾದ್ ಕಡೆಯ ಒಂದು ಕನ್ನಡ ಕ್ರೈಸ್ತ ಸಭೆಗೆ ಹೋಗುತ್ತೇನೆ. ಅಲ್ಲಿ ಸೇರುವವರೆಲ್ಲ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಪ್ರಾರ್ಥನೆ ಕನ್ನಡದಲ್ಲಿ, ಹಾಡು ತೆಲುಗಿನಲ್ಲಿ, ಹೊರಗೆ ಚಪ್ಪಲಿ ಹುಡುಕುವಾಗಿನ ಜಗಳ ಹಿಂದಿಯಲ್ಲಿ. ಆಗ ನಮ್ಮ ಸಭೆಗೆ ಮೂರು ಕಡೆ ತಗಡು, ನಾಲ್ಕನೇ ಕಡೆ ತಾಡಪತ್ರಿ. ಹೆದ್ದಾರಿಯಲ್ಲಿ ಲಾರಿ ಹೋದಾಗಲೆಲ್ಲ ಅದು ಹಾರಿ, ಬೈಬಲ್ ಮೇಲೆ ಧೂಳು ಕೂರುತ್ತಿತ್ತು.

ಆ ತಾಡಪತ್ರಿ ಇದ್ದ ಕಡೆ ಗೋಡೆ ಕಟ್ಟಬೇಕೆಂದು ಒಬ್ಬರಿಗೆ ಆಸೆಯಿತ್ತು. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಪ್ರತಿ ವಾರವೂ ಆ ತಾಡಪತ್ರಿಯ ಪಕ್ಕದಲ್ಲೇ ಕೂರುತ್ತಿದ್ದರು. ಮೂವತ್ತು ವರ್ಷ ಮಂದಿಯ ಮನೆ ಕಟ್ಟಿದ್ದಾರೆ. ಬೀಗದ ಕೈ ಮಾಲೀಕರ ಕೈಗೆ ಹೋದ ಮೇಲೆ ಯಾವೊಂದು ಮನೆಯೊಳಗೂ ಎರಡನೇ ಸಲ ಕಾಲಿಟ್ಟಿಲ್ಲ. ತಾನು ಕಟ್ಟಿದ ಒಂದು ಗೋಡೆಗಾದರೂ ಬೆನ್ನು ಕೊಟ್ಟು ಕೂರಬೇಕು, ಅಷ್ಟೇ ಅವರ ಆಸೆ. ಎರಡು ವರ್ಷದಿಂದ ಪಾಸ್ಟರನ್ನು ಕೇಳುತ್ತಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ನನ್ನ ತಪ್ಪು ನಿಮಗೆ ಸರಿಯಾಗಿ ಕಾಣಲಿ ಎಂದು ಮೊದಲೇ ಹೇಳುತ್ತಿದ್ದೇನೆ.

ಪಾಸ್ಟರು ಗೋಡೆಯ ಕೆಲಸವನ್ನು ವಿದೇಶದ ತಂಡವೊಂದಕ್ಕೆ ಒಪ್ಪಿಸಿದರು. ಬಡ ದೇಶಗಳ ಸಭೆಗಳಿಗೆ ನೆರವಾಗಲು ಹೊರಟಿದ್ದ ಹತ್ತು ಜನ ಆರು ದಿನಕ್ಕೆಂದು ಬಂದಿಳಿದರು. ಒಳ್ಳೆಯವರೇ, ಅನ್ಯಾಯವಾಗಿ ಆಡಬಾರದು. ಎಲ್ಲರ ಕೈ ಹಿಡಿದು ನಕ್ಕರು, ಖಾರ ತಿಂದು ಕಣ್ಣೀರು ಸುರಿಸಿದರು. ಆದರೆ ಅವರಲ್ಲಿ ಒಬ್ಬರಿಗೂ ಇಟ್ಟಿಗೆ ಜೋಡಿಸಿ ಗೊತ್ತಿರಲಿಲ್ಲ. ಶಂಶಾಬಾದಿನ ಅರ್ಧ ಅಪಾರ್ಟ್‌ಮೆಂಟುಗಳನ್ನು ಎತ್ತಿ ನಿಲ್ಲಿಸಿದ ಜನಕ್ಕೆ ಗೋಡೆ ಕಟ್ಟಿಕೊಡಲು, ಗೋಡೆ ಕಟ್ಟಲು ಬಾರದವರು ವಿಮಾನ ಹತ್ತಿ ಬಂದಿದ್ದರು! ಆಗ ಯಾರಿಗೂ ನಗು ಬರಲಿಲ್ಲ. ಶಾಲೆಗೆ ರಜೆ ಹಾಕಿ ಅವರ ದುಭಾಷಿಯಾಗಿದ್ದ ನನಗೂ ಬರಲಿಲ್ಲ.

ಮೊದಲ ದಿನ ಬೆಳಿಗ್ಗೆ ಆ ಮನುಷ್ಯ ಕೆಲಸಕ್ಕೆ ರಜೆ ಹಾಕಿ, ಒಗೆದ ಅಂಗಿ ತೊಟ್ಟು, ಕೈಯಲ್ಲಿ ಬಟ್ಟೆ ಸುತ್ತಿದ ಏನನ್ನೋ ಹಿಡಿದು ಬಂದರು. ತಂಡದ ಮುಖಂಡ ಅವರ ಕೈ ಕುಲುಕಿ, ಇವರು ಏನು ಕೆಲಸ ಮಾಡುತ್ತಾರೆಂದು ನನ್ನನ್ನು ಕೇಳಿದ. ನಾನು ಅವರನ್ನು ಕೇಳಿದೆ.

"ನಾ ಗೌಂಡಿ ಅದೀನ್ರಿ," ಎಂದರು.

ನಮ್ಮ ಮೈಸೂರಿನಲ್ಲಿ ಗಾರೆ ಕೆಲಸದವರು ಅನ್ನುತ್ತೇವೆ, ಮೇಸ್ತ್ರಿ ಅನ್ನುತ್ತೇವೆ. ಗೌಂಡಿ ಎಂಬ ಮಾತನ್ನು ನಾನು ಕೇಳಿಯೇ ಇರಲಿಲ್ಲ. ಕೇಳಿಲ್ಲ ಎಂದ ಮೇಲೆ ಇನ್ನೊಂದು ಸಲ ಕೇಳಬೇಕಿತ್ತು ತಾನೇ? ಇಲ್ಲ, ನಾನು ಟೀಚರಮ್ಮ, ನನಗೆಲ್ಲ ಗೊತ್ತು! ಅವರ ಕಾಲು ನೋಡಿದೆ. ಸಿಮೆಂಟು ತಿಂದ ಬಿರುಕುಗಳು. "ಲೇಬರ್," ಎಂದುಬಿಟ್ಟೆ. ಇಂಗ್ಲಿಷಾಗಿಯೂ ಅದು ತಪ್ಪು. ಲೇಬರರ್ ಎಂದು ಬರೆಯಬೇಕಾದ ಕಡೆ ಮಕ್ಕಳು ಹಾಗೆ ಬರೆದರೆ ನಾನೇ ಅಂಕ ಕಳೆಯುತ್ತೇನೆ.

ಮುಖಂಡ "ಓಹ್" ಎಂದು ಕರಗಿಹೋದ. ಜೀವನವಿಡೀ ಭಾರ ಹೊತ್ತವರು, ಈ ವಾರ ಇವರು ಕೂರಲಿ, ನಾವು ದುಡಿಯುತ್ತೇವೆ ಎಂದ. ತಾನೇ ಕುರ್ಚಿ ತಂದು, ಅವರ ಭುಜ ಒತ್ತಿ ಕೂರಿಸಿದ. ಪಾಸ್ಟರು ಪಕ್ಕದಲ್ಲೇ ನಿಂತಿದ್ದರು. ಗೌಂಡಿ ಅಂದರೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಕಿರುನಗೆ ನಕ್ಕು ಫೋಟೋಕ್ಕೆ ನಿಂತರು.

ಎರಡು ದಿನ ಆ ಮನುಷ್ಯ ಕುರ್ಚಿಯಲ್ಲಿ ಕೂತು ನೋಡಿದರು. ಮೊದಲ ದಿನ ಮಧ್ಯಾಹ್ನ ಒಮ್ಮೆ ತಡೆಯಲಾರದೆ ಎದ್ದು ಬಂದರು.

"ಅಕ್ಕಾರ, ಅವರಿಗೆ ಹೇಳ್ರಿ. ಇಟ್ಟಂಗಿ ನೀರಾಗ ನೆನಸಿಲ್ಲ. ಸಂದಿ ಮ್ಯಾಲ ಸಂದಿ ಬರಾಕತ್ತೈತಿ. ಹಿಂಗ ಕಟ್ಟಿದ್ರ ಗೋಡಿ ನಿಲ್ಲಂಗಿಲ್ರಿ."

ಹೇಳಿದೆ. ಮುಖಂಡ ನಕ್ಕು, ಚಿಂತೆ ಬೇಡ, ನಾವು ವಿಡಿಯೋ ನೋಡಿ ಕಲಿತು ಬಂದಿದ್ದೇವೆ ಎಂದ. ಅಷ್ಟಕ್ಕೇ ಬಿಡದೆ, ಕರಣಿ ಹಿಡಿದು ಸಿಮೆಂಟು ಎಳೆಯುವುದು ಹೇಗೆಂದು ಅವರಿಗೇ ತೋರಿಸಿಕೊಟ್ಟ. ಮೀನಿಗೆ ಈಜು ಕಲಿಸುವುದು ಅಂದರೆ ಇದೇ. ಅವರು ತಲೆ ಬಾಗಿಸಿ ನೋಡಿ, "ಚಲೋ ಐತ್ರಿ" ಎಂದು ಹೋಗಿ ಕೂತರು.

ಮೂರನೇ ದಿನ ಅವರು ಬರಲಿಲ್ಲ, ಅವರ ಹೆಂಡತಿ ಬಂದರು. ಸೀದಾ ನನ್ನ ಮುಂದೆ ನಿಂತು ಸೊಂಟಕ್ಕೆ ಕೈಯಿಟ್ಟರು.

"ಏನ್ರಿ ಅಕ್ಕಾರ, ನಮ್ಮ ಮನ್ಯಾಗ ಕೂಲಿ ನಾನ್ರಿ! ಪುಟ್ಟಿ ಹೊರಾಕಿ ನಾನು. ಅವರು ಗೌಂಡಿ. ಗೋಡಿ ಕಟ್ಟಾವರು. ಅವರ ಕೈಯಾಗಿನ ಗೋಡಿಗೆ ದಾರದ ಗುಂಡು ಬಿಟ್ಟು ನೋಡ್ರಿ, ಕೂದಲಷ್ಟೂ ಅತ್ಲಾಗ ಇತ್ಲಾಗ ಇರಂಗಿಲ್ಲ. ಕರಣಿ ಅರಿವ್ಯಾಗ ಸುತ್ಕೊಂಡು ಬಂದಿದ್ರು, ಅದನ್ನ ಬಿಚ್ಚಾಕೂ ಬಿಡಲಿಲ್ಲಲ್ರಿ ನೀವು!"

ಆಮೇಲೆ ಒಂದೇ ಉಸಿರಿಗೆ ಎರಡು ವರ್ಷದ ಆಸೆಯನ್ನೂ ಹೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಓಡಿಹೋಗಿ ಮುಖಂಡನಿಗೆ ತಪ್ಪು ಒಪ್ಪಿಕೊಂಡೆ: ಕುರ್ಚಿಯಲ್ಲಿ ಕೂರಿಸಿದವರು ನುರಿತ ಗಾರೆ ಕೆಲಸಗಾರ, ಗೋಡೆಯನ್ನು ಅವರ ಕೈಗೆ ಕೊಡಿ, ನೀವು ಇಟ್ಟಿಗೆ ಎತ್ತಿಕೊಡಿ. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು, ಎಷ್ಟು ಸುಂದರ ಎಂದ. ಆದರೆ ತಂಡದವರು ಇದಕ್ಕೆಂದೇ ಇಷ್ಟು ದೂರ ಬಂದಿದ್ದಾರೆ, ಮುಖ್ಯವಾದದ್ದು ಗೋಡೆಯಲ್ಲ, ಪ್ರೀತಿ ಎಂದ. ನನ್ನ ಮೈಯೆಲ್ಲ ಉರಿದುಹೋಯಿತು. ಪ್ರೀತಿ ಮುಖ್ಯವಾದರೆ ಅಪ್ಪಿಕೊಂಡು ಹೋಗಿ, ನಮ್ಮ ತಲೆಯ ಮೇಲೆ ಬೀಳುವ ಗೋಡೆ ಯಾಕೆ ಕಟ್ಟುತ್ತೀರಿ ಎಂದು ಇಂಗ್ಲಿಷಿನಲ್ಲೇ ಕೇಳಿದೆ. ಅವನ ಮುಖ ಕೆಂಪಾಯಿತು. ಪಾಸ್ಟರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಅಮ್ಮಾ, ಕೊಂಚೆಂ ಸಮಾಧಾನ. ಅವರು ಬೇಜಾರಾದ್ರೆ ಮುಂದಿನ ವರ್ಷ ಬರ್ತಾರಾ? ಗೌಂಡಿ ನಮ್ಮವನೇ, ಎಲ್ಲಿ ಹೋಗ್ತಾನೆ?"

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಾನು ಬೇರೆಯವರದ್ದು ಎಂದುಕೊಂಡಿದ್ದೆ. ನಮ್ಮದೂ ಹೌದು.

ಗೋಡೆ ಎದ್ದಿತು. ಕೆಲಸದ ಕೊನೆಯ ದಿನ ಹಸಿ ಗಾರೆಯ ಮೇಲೆ ಹತ್ತು ಜನರೂ ಬಣ್ಣದಲ್ಲಿ ಅದ್ದಿದ ಅಂಗೈ ಒತ್ತಿ, ಕೆಳಗೆ ಹೆಸರು ಬರೆದರು. ಭಾನುವಾರ ಪ್ರತಿಷ್ಠೆಯ ಪ್ರಾರ್ಥನೆ ಆಯಿತು. ಅದನ್ನು ಅನುವಾದಿಸಲು ನಾನು ಒಪ್ಪಲಿಲ್ಲ, ಗಂಟಲು ಕೆಟ್ಟಿದೆ ಎಂದೆ. ಹೊರಗೆ ಹೋಗಿ ಗಟ್ಟಿ ಕಂಠದಲ್ಲಿ ಮನೆಯವರಿಗೆ ಫೋನ್ ಮಾಡಿ ಬೈದುಕೊಂಡೆ. ಸಂಜೆಯ ವಿಮಾನಕ್ಕೆ ತಂಡದವರು ಹೊರಟರು. ಸಭೆಯ ಹೆಂಗಸರು ಅತ್ತರು, ಅವರೂ ಅತ್ತರು.

ಗೋಡೆ ಒಂದು ತಿಂಗಳು ತಡೆಯಿತು. ಒಂದು ಜೋರು ಮಳೆಗೆ ನಡುವೆ ಹೊಟ್ಟೆ ಬಂದು ರಸ್ತೆಯ ಕಡೆ ವಾಲಿತು. ಕೆಡವಿ ಕಟ್ಟೋಣ ಎಂದರೆ ಪಾಸ್ಟರು, ಅವರ ಕೈಗುರುತು ಹಾಳಾಗುತ್ತದೆ, ಮರದ ಆಸರೆ ಕೊಟ್ಟರೆ ಸಾಕು ಎಂದರು. ಆಸರೆ ಕೊಡಲು ಯಾರನ್ನು ಕರೆಸಿದರು ಗೊತ್ತೇ? ಆಗ ನೆನಪಾಯಿತು ಅವರಿಗೆ, ನಮ್ಮಲ್ಲಿ ಒಬ್ಬ ಗೌಂಡಿ ಇದ್ದಾನೆಂದು!

ಸುದ್ದಿ ತಿಳಿದು ಶನಿವಾರ ಶಾಲೆ ಮುಗಿಸಿಕೊಂಡು ಹೋದೆ. ಅವರೊಬ್ಬರೇ ಬಣ್ಣದ ಅಂಗೈಗಳ ಕೆಳಗೆ ಮಣ್ಣಲ್ಲಿ ಮೊಣಕಾಲೂರಿ, ಕಂಬಕ್ಕೆ ಬೆಣೆ ಬಡಿಯುತ್ತಿದ್ದರು.

"ಇದನ್ನು ಕೆಡವಿಬಿಡಿ," ಎಂದೆ. "ಪಾಸ್ಟರಿಗೆ ನಾನು ಉತ್ತರ ಹೇಳುತ್ತೇನೆ. ನೀವು ಕಟ್ಟಿ."

"ಬ್ಯಾಡ್ರಿ ಅಕ್ಕಾರ. ಅದು ಈಗ ಅವರ ಗೋಡಿ."

ಆಗ ಹೇಳಬೇಕಾದದ್ದನ್ನು ಹೇಳಿದೆ. ನಿಮ್ಮ ಮಾತು ನನಗೆ ತಿಳಿದಿರಲಿಲ್ಲ, ತಿಳಿಯದೆ ಅವರಿಗೆ ತಪ್ಪು ಹೇಳಿದೆ, ಇಷ್ಟಕ್ಕೆಲ್ಲ ನಾನೇ ಕಾರಣ ಎಂದೆ. ಅವರು ಬೆಣೆ ಬಡಿಯುವುದನ್ನು ನಿಲ್ಲಿಸಿದರು.

"ಗೊತ್ತೈತ್ರಿ. ಲೇಬರ್ ಅಂದ್ರಿ. ಇಂಗ್ಲಿಷಿನ್ಯಾಗ ನನಗ ತಿಳಿಯೋದು ಅದೊಂದ ಮಾತು ನೋಡ್ರಿ."

"ಮತ್ತೆ ಆವಾಗಲೇ ಯಾಕೆ ಹೇಳಲಿಲ್ಲ? ಬೈಯಬೇಕಿತ್ತು ನನ್ನನ್ನ!"

"ಹೊರಗ ಎಲ್ಲಾರೂ ಅಂತಾರ, ಅದಕ್ಕ ಭಾಳ ಏನ್ ಅನಸಂಗಿಲ್ರಿ. ನೀವು ಕಲ್ತಾವರು, ದೇವರ ಮನ್ಯಾಗ ನಿಂತು ಅಂದ್ರಿ. ಹಂಗಾದ್ರ ಇಲ್ಲೂ ನಾ ಅಷ್ಟ ಇರಬೇಕು ಅಂದ್ಕೊಂಡ್ನಿ."

ಶಾಲೆಯ ಬ್ಯಾಗನ್ನು ಕೆಳಗಿಟ್ಟು ಗೋಡೆಗೆ ಒರಗಲು ಹೋದೆ. ಅವರು ಥಟ್ಟನೆ ಎದ್ದು ಕೈ ಅಡ್ಡ ಹಿಡಿದರು.

"ಅದಕ್ಕ ಒರಗಬ್ಯಾಡ್ರಿ ಅಕ್ಕಾರ. ಆ ಗೋಡಿ ಭರೋಸಾ ಇಲ್ಲ."