ಜರಡಿಯಣ್ಣನ ಮನೆಯ ಹಸು

ಅವರನ್ನು ನಾನು ಮೊದಲು ನೋಡಿದ್ದು ಒಂದು ಮಂಗಳವಾರ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಆರೋಗ್ಯ ಕೇಂದ್ರದಲ್ಲಿ ಆಹಾರ ಸಲಹೆಗಾರ್ತಿಯಾಗಿ ಸೇರಿ ಒಂಬತ್ತು ದಿನವಾಗಿತ್ತು. ಐದು ಕಿಲೋ ಗೋಧಿಯ ಡಬ್ಬಿ ಹಿಡಿದು ಹಿಟ್ಟಿನ ಗಿರಣಿಯ ಸಾಲಿನಲ್ಲಿ ನಿಂತಿದ್ದೆ. ಒಳಗೆ ಬೆಲ್ಟು ಪಟಪಟ ಬಡಿಯುತ್ತಿತ್ತು. ಐವತ್ತು ದಾಟಿದ ಒಬ್ಬರು, ಹುಬ್ಬು, ಮೀಸೆ, ಕಿವಿಗೆ ತುರುಕಿದ ಹತ್ತಿ ಎಲ್ಲವೂ ಒಂದೇ ಬಿಳುಪಾಗಿ, ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ, ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಬೀಸಿದ್ದನ್ನು ಎರಡೆರಡು ಸಲ ಸಾಣಿಸಿ ಹೂವಿನಂಥ ಹಿಟ್ಟು ಕೊಡುವುದಕ್ಕೇ ಅವರು ಹೆಸರುವಾಸಿ. ಎಲ್ಲರೂ ಜರಡಿಯಣ್ಣ ಎನ್ನುತ್ತಿದ್ದರು.

“ನಂಗೆ ಸಾಣಿಸ್ಬೇಡಿ ಅಣ್ಣ, ಹಾಗೇ ಕೊಡಿ” ಎಂದೆ.

ಜರಡಿಯ ಸದ್ದು ನಿಂತಿತು. “ಬೂಸಾ ಸಮೇತಾನಾ? ಮನೇಲಿ ಎಷ್ಟು ಹಸು ಕಟ್ಟಿದ್ದೀರಿ ಮೇಡಂ?”

ಸಾಲೆಲ್ಲ ನಕ್ಕಿತು. ಓದಿದ್ದನ್ನು ನಾನು ಅಲ್ಲೇ ಒಪ್ಪಿಸಿದೆ: ನಾರಿನಂಶ ಹೆಚ್ಚು ತಿನ್ನುವವರಲ್ಲಿ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಕಡಿಮೆ ಕಂಡುಬರುತ್ತವೆ, ಗೋಧಿಯ ನಾರು ಹೆಚ್ಚಾಗಿ ಇರುವುದು ಆ ಬೂಸಾದಲ್ಲೇ.

“ನಾರಾ? ಹಗ್ಗ ಹೊಸೆಯೋಕಾ?” ಎಂದು ಅವರು ಸಾಣಿಸದ ಹಿಟ್ಟಿನ ನನ್ನ ಡಬ್ಬಿಯನ್ನು ಮೂಗು ಮುರಿದು ಎತ್ತಿ ಕೊಟ್ಟರು.

ನಾಲ್ಕು ತಿಂಗಳ ನಂತರ, ಕಾಲಿನ ಗಾಯ ಮಾಯುತ್ತಿಲ್ಲವೆಂದು ಅವರೇ ಆರೋಗ್ಯ ಕೇಂದ್ರಕ್ಕೆ ಬಂದರು. ರಕ್ತದ ವರದಿ ನೋಡಿದ ಡಾಕ್ಟರು, “ನಿಮ್ಮಪ್ಪ ಹೇಗೆ ಹೋದ್ರು?” ಎಂದು ಕೇಳಿದರು.

“ಎದೆನೋವು ಸಾರ್. ಗಿರಣಿ ಮುಂದೇನೇ.”

“ಸಕ್ಕರೆ ತುಂಬಾ ಜಾಸ್ತಿ ಇದೆ. ಮಾತ್ರೆ ತಪ್ಪಿಸ್ಬೇಡಿ, ಬಿಳಿ ಹಿಟ್ಟು ಬಿಡಿ. ಮೂರು ತಿಂಗಳಲ್ಲಿ ಸಕ್ಕರೆ ಇಳೀಲಿಲ್ಲ ಅಂದ್ರೆ ಇನ್ಸುಲಿನ್ ಸೂಜಿ. ಗಾಯ ಹೀಗೇ ಇದ್ರೆ ಗಿರಣೀಲಿ ನಿಲ್ಲೋ ಕೆಲಸಾನೂ ಬಿಡ್ಬೇಕಾಗುತ್ತೆ.”

ಮುಂದಿನ ಸಲಹೆಗೆ ನನ್ನ ಕೋಣೆಗೆ ಕಳಿಸಿದರು. ಬೂಸಾ ಸಮೇತ ತಿನ್ನಿ ಎಂದೆ. ಜರಡಿಯಣ್ಣ ನನ್ನ ಮೇಜಿನ ಮೇಲಿನ ಕಾಳುಗಳ ಚಿತ್ರವನ್ನು ಬೆರಳಲ್ಲಿ ಉಜ್ಜಿ ನೋಡಿದರು. “ತಿಂತೀನಿ ಮೇಡಂ. ಆದ್ರೆ ಗಿರಣಿಯವನೇ ಬೂಸಾ ತಿಂತಾನೆ ಅಂತ ಗೊತ್ತಾದ್ರೆ ನನ್ನ ಜರಡಿಗೆ ಏನು ಮರ್ಯಾದೆ?”

ಅಂದಿನಿಂದ ದಿನಾ ಸಂಜೆ ಒಂದು ಸಣ್ಣ ಚೀಲ ಬೂಸಾ ಅವರ ಮನೆಗೆ ಹೊರಟಿತು. ಕೇಳಿದವರಿಗೆಲ್ಲ ಒಂದೇ ಉತ್ತರ: “ಹಸು ತಂದಿದ್ದೀನಿ.” ಮೂರನೇ ದಿನ ಅವರ ಹೆಂಡತಿ ನನ್ನ ಹತ್ತಿರ ಓಡಿ ಬಂದರು.

“ಹಸೂಗೆ ಹೊಟ್ಟೆ ಉಬ್ಬರ ಮೇಡಂ. ರಾತ್ರಿಯೆಲ್ಲ ನನಗೂ ನಿದ್ದೆ ಇಲ್ಲ.”

ದಿನಕ್ಕೊಂದು ಬಟ್ಟಲು ಬರೀ ಬೂಸಾವನ್ನು, ನೀರೂ ಕುಡಿಯದೆ, ಔಷಧಿಯಂತೆ ಮುಕ್ಕಿದ್ದರು. ಬೂಸಾ ಮುಕ್ಕುವುದು ಬೇಡ, ಹಿಟ್ಟನ್ನು ಸಾಣಿಸದಿದ್ದರೆ ಸಾಕು, ಕಾಳು, ಸೊಪ್ಪನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಲಿ, ನೀರು ಚೆನ್ನಾಗಿ ಕುಡಿಯಲಿ ಎಂದು ಹೇಳಿ ಕಳಿಸಿದೆ.

ಆದರೆ ಸುಳ್ಳಿನಲ್ಲಿ ಹುಟ್ಟಿದ ಹಸು ಸಾಯಲಿಲ್ಲ. ಪಕ್ಕದ ಬೀದಿಯ ಅಜ್ಜಿಯೊಬ್ಬರು ಗಿರಣಿಗೆ ಬಂದಾಗಲೆಲ್ಲ, “ನಿನ್ನ ಹಸು ಕರು ಹಾಕ್ತೇನೋ? ಅರ್ಧ ಲೀಟರ್ ಹಾಲು ನಂಗಿರ್ಲಿ” ಎನ್ನುತ್ತಿದ್ದರು. ಜರಡಿಯಣ್ಣ “ಇನ್ನೂ ಇಲ್ಲ ಅಜ್ಜಿ” ಎನ್ನುತ್ತಿದ್ದರು. ಎರಡು ತಿಂಗಳು ಕಾದ ಅಜ್ಜಿ ಒಂದು ದಿನ ಚೊಂಬು ಹಿಡಿದು ಮನೆಗೇ ಹೋದರು.

“ಬನ್ನಿ ಅಜ್ಜಿ” ಎಂದರು ಹೆಂಡತಿ, “ಹಸು ಒಳಗೆ ಊಟಕ್ಕೆ ಕೂತಿದೆ.”

ತಟ್ಟೆಯಲ್ಲಿ ಕಂದು ಬಣ್ಣದ ರೊಟ್ಟಿ, ಎದುರಿಗೆ ಬಾಯಿ ತುಂಬಿಕೊಂಡ ಜರಡಿಯಣ್ಣ.

ಮರುದಿನ ಅವರು ಗಿರಣಿಯ ಬಾಗಿಲನ್ನು ಅರ್ಧವೇ ತೆರೆದಿದ್ದರು. ನಾನೂ ಸಾಲಿನಲ್ಲಿದ್ದೆ. ಅಜ್ಜಿ ಎಲ್ಲರನ್ನೂ ತಳ್ಳಿ ಮುಂದೆ ಹೋಗಿ ಡಬ್ಬಿ ಕುಕ್ಕಿದರು.

“ನಂಗೂ ಹಸುವಿನ ಹಿಟ್ಟೇ ಬೀಸು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಸಾಣಿಸ್ಬೇಡ ಅಂದ್ರೆ ಎಷ್ಟು ಹಸು ಅಂತ ನಗ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ ಕಣೋ!”

ಹಿಂದಿನಿಂದ ಇನ್ನೊಬ್ಬರು ಮೆಲ್ಲಗೆ, “ನಂಗೂ” ಎಂದರು. ಜರಡಿಯಣ್ಣ ಜರಡಿಯನ್ನೊಮ್ಮೆ, ಸಾಲನ್ನೊಮ್ಮೆ ನೋಡಿ ಬಾಗಿಲನ್ನು ಪೂರ್ತಿ ತೆರೆದರು.

ಮೂರನೇ ತಿಂಗಳ ವರದಿಯಲ್ಲಿ ಸಕ್ಕರೆ ಇಳಿದಿತ್ತು, ಗಾಯವೂ ಮಾಯ್ದಿತ್ತು. ಮಾತ್ರೆಯ ಪಾಲೆಷ್ಟು, ರೊಟ್ಟಿಯ ಪಾಲೆಷ್ಟು ಎಂದು ಜರಡಿಯಣ್ಣ ಕೇಳಿದ್ದಕ್ಕೆ ಡಾಕ್ಟರು, ಎರಡನ್ನೂ ಬಿಡಬೇಡಿ ಎಂದಷ್ಟೇ ಹೇಳಿದರು.

ಜರಡಿಯಣ್ಣ ಈಗಲೂ ಅದೇ ಗಿರಣಿ ನಡೆಸುತ್ತಾರೆ. ದಿನಕ್ಕೆರಡು ಮಾತ್ರೆ ನುಂಗುತ್ತಾರೆ. ಹಿಟ್ಟು ಸಾಣಿಸುವುದು, ಯಾರಾದರೂ ಬಾಯಿಬಿಟ್ಟು ಕೇಳಿದರೆ ಮಾತ್ರ.